ಇಳಿಜಾರು ಕಟ್ಟಿದರೆ ಸಾಲದು

ನಾಲ್ವರು ಸೇರಿ ಹುಡುಗನೊಬ್ಬನ ಕೈಕಾಲು ಅದುಮಿ ಹಿಡಿದು ರಕ್ತ ತೆಗೆಯುವುದನ್ನು ಚಿಕಿತ್ಸೆಯೆಂದು ಕರೆಯುವ ರೂಢಿ ನಿಲ್ಲಬೇಕು. ತುರ್ತುಸ್ಥಿತಿಯ ಮಾತು ಬೇರೆ. ಉಳಿದೆಡೆ ಅದು ಪೂರ್ವಸಿದ್ಧತೆಯ ಅಭಾವವನ್ನು ಬಲದಿಂದ ಮುಚ್ಚುವ ಕ್ರಮ.

ಗಂಗಾಪುರದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಆಟಿಸಂ ಇರುವ ಮಗನನ್ನು ಛತ್ರಪತಿ ಸಂಭಾಜಿನಗರದ ಆಸ್ಪತ್ರೆಗೆ ಕರೆದೊಯ್ದರೆ, ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಆ ಹುಡುಗನಿಗೆ ಅಲ್ಲಿ ಎದುರಾಗುವುದು ಕಣ್ಣು ಕುಕ್ಕುವ ಬೆಳಕು, ಸ್ಪಿರಿಟ್ಟಿನ ವಾಸನೆ, ಅಪರಿಚಿತ ಸ್ಪರ್ಶ ಮತ್ತು ಮರಾಠಿಯ ಒಂದು ಆಜ್ಞೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ವೈಕಲ್ಯಗಳಲ್ಲಿ ಒಂದೆಂದು ಗುರುತಿಸಿದೆ. ಅದರ 25ನೇ ಕಲಮು ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡರಲ್ಲೂ ಅಡೆತಡೆಯಿಲ್ಲದ ಪ್ರವೇಶವನ್ನೂ ಚಿಕಿತ್ಸೆಯಲ್ಲಿ ಆದ್ಯತೆಯನ್ನೂ ಬಯಸುತ್ತದೆ. ಆದರೆ ಬಾಗಿಲಲ್ಲೊಂದು ಇಳಿಜಾರು ಕಟ್ಟಿದರೆ ಕಾನೂನು ಪೂರೈಸಿತೆಂಬ ಭಾವನೆ ಆಡಳಿತ ಮಂಡಳಿಗಳದು. ಈ ಹುಡುಗನಿಗೆ ಮೆಟ್ಟಿಲು ತಡೆಯೇ ಅಲ್ಲ. ಎರಡು ಗಂಟೆಯ ಸರದಿಯೇ ತಡೆ.

ಬೇಕಾದುದು ದುಬಾರಿಯದಲ್ಲ. ಕೋಣೆ, ಕುರ್ಚಿ, ಸೂಜಿಗಳ ಚಿತ್ರಗಳನ್ನು ಕನ್ನಡದ ಪದಗಳೊಡನೆ ವಾರ ಮೊದಲೇ ತೋರಿಸಬೇಕು. ತೋಳಿಗೆ ಪಟ್ಟಿ ಕಟ್ಟುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬೇಕು. ವೈದ್ಯರು ಒಪ್ಪಿದರೆ ಮರಗಟ್ಟಿಸುವ ಮುಲಾಮನ್ನು ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು. ಸೂಜಿ ಹಿಡಿದು ನಿಂತ ಮೇಲೆ ಕೇಳಿ ಫಲವಿಲ್ಲ. ‘ನೋವೇ ಆಗದು’ ಎಂಬ ಸುಳ್ಳಂತೂ ಸಲ್ಲದು. ಒಮ್ಮೆ ಮೋಸಹೋದವನು ಮುಂದಿನ ಸಲ ಹೊಸಿಲನ್ನೇ ದಾಟಲಾರ.

ನೀರನ್ನೂ ಸೋಸಿ ಕುಡಿಯುವ ಸಮಾಜ ಸ್ಕ್ಯಾನಿಂಗ್ ಯಂತ್ರಗಳಿಗೆ ಧಾರಾಳವಾಗಿ ಕೊಡುತ್ತದೆ, ಅಮೃತಶಿಲೆಯಲ್ಲಿ ಹೆಸರನ್ನೂ ಕೆತ್ತಿಸುತ್ತದೆ. ಮುಂದಿನ ಯಂತ್ರಕ್ಕೆ ದೇಣಿಗೆ ಕೇಳಬಂದವರಿಗೆ ದಾನಿಗಳು ಒಂದು ಷರತ್ತು ಹಾಕಲಿ: ವಾರಕ್ಕೊಂದು ಗಂಟೆ, ಜನಸಂದಣಿಯಿಲ್ಲದ ಹೊತ್ತಿನಲ್ಲಿ, ಪ್ರಯೋಗಾಲಯದ ಬಾಗಿಲು ಇಂತಹ ಮಕ್ಕಳ ಅಭ್ಯಾಸಭೇಟಿಗೆ ತೆರೆದಿರಬೇಕು.