ಭಾಗ 3: ನಮ್ಮ ಹರ್ಬಲ್ ಕ್ರೀಮ್‌ನ ಕಾಸ್ಟ್ ಶೀಟಲ್ಲಿ ಬಿಟ್ಟೋದ ಲೈನ್

ಫೆಸ್ಟ್ ಸ್ಟಾಲ್‌ಗೆ ನಮ್ಮ ಗ್ಯಾಂಗ್ ಐಡಿಯಾ ಏನು ಗೊತ್ತಾ? ಪಿಂಪಲ್ ಕಲೆಗೆ, ಬಂಗಿಗೆ ಹರ್ಬಲ್ ಕ್ರೀಮ್. ಗ್ರಂಥಿಗೆ ಅಂಗಡಿಯಿಂದ ಅತಿಮಧುರ, ಕಸ್ತೂರಿ ಅರಿಶಿನ. ಮನೆಯಿಂದ ಲೋಳೆಸರ, ನಿಂಬೆರಸ. ಕಾಸ್ಟ್ ಶೀಟ್ ನನ್ನ ಪಾಲಿಗೆ ಬಂತು. ಡಬ್ಬಿ, ಲೇಬಲ್, ಸಾಮಾನು ಎಲ್ಲಾ ಸೇರಿ 50 ಗ್ರಾಂಗೆ 62 ರೂಪಾಯಿ. ಮಾರೋದು 199ಕ್ಕೆ. ಗ್ರೂಪಲ್ಲಿ ಹಬ್ಬ!

ರಾತ್ರಿ ಇನ್ನೊಂದ್ಸಲ ನೋಡಿದೆ. ಟೆಸ್ಟಿಂಗ್ ಅನ್ನೋ ಲೈನೇ ಇಲ್ಲ.

ನನಗ್ಯಾಕೆ ಚುಚ್ಚಿತು ಅಂದ್ರೆ, ನಮ್ಮಮ್ಮನ ಕೆನ್ನೆ ಮೇಲೆ ಬಂಗು ಇದೆ. ನಾನು ಪಿಯುಸಿಲಿ ಇದ್ದಾಗ ಪರಿಚಯದವರೊಬ್ರು 'ಪೂರ್ತಿ ಹರ್ಬಲ್' ಅಂತ ಲೇಬಲ್ ಇಲ್ಲದ ಡಬ್ಬಿ ಕೊಟ್ರು. ಹತ್ತೇ ದಿನಕ್ಕೆ ಮುಖ ತಿಳಿಯಾಯ್ತು. ಎರಡು ತಿಂಗಳಾದ ಮೇಲೆ ನಿಲ್ಲಿಸಿದ್ದೇ ತಡ, ಕೆನ್ನೆಯೆಲ್ಲ ಕೆಂಪು, ಉರಿ. ಬಂಗು ಮೊದಲಿಗಿಂತ ಗಾಢ. ಸ್ಟೀರಾಯ್ಡ್ ಹಚ್ಚಿದ ಮುಖ ಹೀಗೇ ಆಗೋದು ಅಂದ್ರು ಸ್ಕಿನ್ ಡಾಕ್ಟರ್. ಅಮ್ಮ ಆರು ತಿಂಗಳು ಯಾವ ಫೋಟೋಗೂ ನಿಲ್ಲಲಿಲ್ಲ.

ನಮ್ಮನೆ ಕಥೆ ಒಂದೇ ಅಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಕಿಡ್ನಿ ತೊಂದರೆ ಅಂತ ಬಂದ ಹಲವರು ಬೆಳ್ಳಗಾಗೋ ಕ್ರೀಮ್ ಹಚ್ತಿದ್ದೋರು ಅಂತ ಡಾಕ್ಟರುಗಳೇ ಪತ್ತೆ ಮಾಡಿದ್ರು. ಕ್ರೀಮಲ್ಲಿ ಇದ್ದದ್ದು ಪಾದರಸ.

ಹಾಗಂತ ಗಿಡಮೂಲಿಕೆ ಸುಳ್ಳು ಅಂತ ನಾನು ಹೇಳಲ್ಲ. ಚರ್ಮಕ್ಕೆ ಬಣ್ಣ ಕೊಡೋದು ಮೆಲನಿನ್. ಅದು ತಯಾರಾಗೋಕೆ ಟೈರೋಸಿನೇಸ್ ಅನ್ನೋ ಕಿಣ್ವ ಬೇಕು. ಅತಿಮಧುರದಲ್ಲಿರೋ ಗ್ಲಾಬ್ರಿಡಿನ್ ಆ ಕಿಣ್ವದ ಕೆಲಸ ತಗ್ಗಿಸುತ್ತೆ. ಆದ್ರೆ ಗ್ಲಾಬ್ರಿಡಿನ್ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು. ಅಂದ್ಮೇಲೆ ನಾವು ನೀರಲ್ಲಿ ಕುದಿಸಿ ಸೋಸಿದ ಕಷಾಯಕ್ಕೆ ಅದು ಎಷ್ಟು ಬಂದಿರುತ್ತೆ? ಅಳೆದು ನೋಡಿದೋರು ಯಾರೂ ಇಲ್ಲ.

ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಇನ್ನೂ ಕಪ್ಪು ಕಲೆ ಬೀಳಬಹುದು. ನಮ್ಮಂಥ ಕಂದು ಚರ್ಮದಲ್ಲಿ ಉರಿ, ತುರಿಕೆ ಆದ ಜಾಗವೇ ಆಮೇಲೆ ಕಲೆಯಾಗಿ ಉಳಿಯೋದು ಜಾಸ್ತಿ. ಕಲೆ ತೆಗೆಯೋ ಕ್ರೀಮೇ ಕಲೆ ಮಾಡಿದ್ರೆ?

'ಅಜ್ಜಿ ಕಾಲದಿಂದ ಹಚ್ತಾ ಬಂದಿದ್ದಾರಲ್ವಾ' ಅಂತ ಒಬ್ಬಳು ಕೇಳಿದ್ಲು. ಒಳ್ಳೆ ಪ್ರಶ್ನೆ. ಅಜ್ಜಿ ಆಗ ಅರೆದು, ಆಗಲೇ ಹಚ್ಚಿ, ಹದಿನೈದು ನಿಮಿಷಕ್ಕೆ ತೊಳ್ಕೊಂಡ್ರು. ಮೂರು ತಿಂಗಳು ಡಬ್ಬೀಲಿ ಇಟ್ಟು ಮಾರಲಿಲ್ಲ. ಲೋಳೆಸರದಲ್ಲಿ ಇರೋದೆಲ್ಲ ಹೆಚ್ಚುಕಮ್ಮಿ ನೀರೇ. ಕೆಡದಂಗೆ ಏನೂ ಹಾಕದಿದ್ರೆ ಬ್ಯಾಕ್ಟೀರಿಯಾ, ಬೂಷ್ಟು ಎರಡೂ ಬೆಳೆಯುತ್ತೆ.

ಇದರ ಮೇಲೆ ಕಾನೂನೂ ಇದೆ. ಕಾಸ್ಮೆಟಿಕ್ ತಯಾರಿಸಿ ಮಾರೋಕೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಆಯುರ್ವೇದ ಔಷಧಿ ಅಂತ ಮಾರೋದಾದ್ರೆ ಅದಕ್ಕೆ ಬೇರೆ ಲೈಸೆನ್ಸ್. ಫೆಸ್ಟ್ ಸ್ಟಾಲ್ ಅಂತ ಚರ್ಮಕ್ಕೇನು ಗೊತ್ತಾಗುತ್ತಾ?

ನನ್ನ ಮಾತು ಇಷ್ಟೇ. ಹರ್ಬಲ್ ಕ್ರೀಮ್ ಖಂಡಿತ ಮಾಡಬಹುದು. ಆದ್ರೆ ಅದು ಕೆಲಸ ಮಾಡುತ್ತೆ, ಕೆಡಲ್ಲ, ಸುಡಲ್ಲ ಅಂತ ತೋರಿಸೋ ಖರ್ಚೂ ಕಾಸ್ಟೇ. ಆ ಲೈನ್ ಬಿಟ್ರೆ ಖರ್ಚು ಮಾಯ ಆಗಲ್ಲ, ಕೊಂಡೋರ ಮುಖಕ್ಕೆ ವರ್ಗ ಆಗುತ್ತೆ. 62 ರೂಪಾಯಿ ಅನ್ನೋದು ಕಾಸ್ಟ್ ಅಲ್ಲ, ಅರ್ಧ ಲೆಕ್ಕ.

ನೀವು ಕೊಳ್ಳೋದಾದ್ರೆ: ಪದಾರ್ಥಗಳ ಪಟ್ಟಿ, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್ ಇದೆಯಾ ನೋಡಿ. ವಾರದಲ್ಲಿ ರಿಸಲ್ಟ್ ಅಂದ್ರೆ ಅನುಮಾನ ಪಡಿ. ಕಲೆ ತಿಳಿಯಾಗೋಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಯಾವ ಕ್ರೀಮ್ ಹಚ್ಚಿದ್ರೂ ಸನ್‌ಸ್ಕ್ರೀನ್ ಬಿಡಬೇಡಿ. ಬಂಗು ಇದ್ರೆ ಮೊದಲು ಸ್ಕಿನ್ ಡಾಕ್ಟರ್ ಹತ್ರ ಹೋಗಿ.

ಇದನ್ನೆಲ್ಲ ಗ್ರೂಪಲ್ಲಿ ಹಾಕಿದೆ. 'ಯಾವಾಗ್ಲೂ ನೆಗೆಟಿವ್ ನೀನು' ಅಂತ ಒಂದು ರಿಪ್ಲೈ ಬಂತು. ಉಳಿದೋರು ಸೈಲೆಂಟ್. ಸ್ಟಾಲಲ್ಲಿ ಬೇರೇನಾದ್ರೂ ಮಾರೋಣ, ಲೆಕ್ಕ ನಾನೇ ಬರೀತೀನಿ. ಈ ಡಬ್ಬಿಗೆ ಮಾತ್ರ ನನ್ನ ಕಾಸ್ಟ್ ಶೀಟ್ ಇಲ್ಲ.

ನಿಮ್ಮನೇಲಿ ಲೇಬಲ್ ಇಲ್ಲದ ಡಬ್ಬಿ ಇದೆಯಾ? ಇವತ್ತೇ ಅಮ್ಮನ ಹತ್ರ ಕೇಳಿ.

#ಬಂಗು #ಹರ್ಬಲ್‌ಕ್ರೀಮ್ #ಬಿಕಾಂಲೆಕ್ಕ