ಯಲಹಂಕದ ರಸ್ತೆ ನೆನಪಿಸುವ ಕಡಲ ಪಾಠ

ದೊಡ್ಡಬಳ್ಳಾಪುರ ರಸ್ತೆಯಿಂದ ಎಂ.ಎಸ್. ಪಾಳ್ಯದ ಕಡೆಗೆ ಸಾಗುವ ಯಲಹಂಕದ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ನವೆಂಬರ್ 28ರಂದು ಮುಂಬೈನ ತಾಜ್ ಹೋಟೆಲಿನಲ್ಲಿ ಗಾಯಾಳು ಸಹಚರನನ್ನು ಸುರಕ್ಷಿತವಾಗಿ ಸಾಗಿಸಲು ವ್ಯವಸ್ಥೆ ಮಾಡಿ, ಉಗ್ರರನ್ನು ಬೆನ್ನಟ್ಟಿ ಹೋಗಿ ಪ್ರಾಣ ತೆತ್ತ ಬೆಂಗಳೂರಿನ ಈ ಎನ್‌ಎಸ್‌ಜಿ ಅಧಿಕಾರಿಗೆ ಆಗ 31 ವರ್ಷ. 2009ರ ಗಣರಾಜ್ಯೋತ್ಸವದಂದು ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು.

ಆ ಬಲಿದಾನ ಅನಿವಾರ್ಯವಾದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಕಡಲಲ್ಲಿದೆ. ಕರಾಚಿಯಿಂದ ಹೊರಟ 10 ಉಗ್ರರು ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿ, ಅದರಲ್ಲಿದ್ದವರನ್ನು ಕೊಂದು, ಕೊನೆಗೆ ರಬ್ಬರ್ ದೋಣಿಯಲ್ಲಿ ಮುಂಬೈನ ಮೀನುಗಾರರ ಕೇರಿಯೊಂದರ ದಡ ಸೇರಿದರು. ದಾಳಿಗೆ 166 ಮಂದಿ ಬಲಿಯಾದರು. ನೌಕಾಪಡೆಯ ಕಮಾಂಡೊಗಳು ಎನ್‌ಎಸ್‌ಜಿಗಿಂತ ಮೊದಲೇ ತಾಜ್ ಪ್ರವೇಶಿಸಿದ್ದರು, ನಿಜ. ಆದರೆ ನೀರಿನಲ್ಲೇ ತಡೆಯಬೇಕಿದ್ದ ಶತ್ರು ಅಷ್ಟರಲ್ಲಿ ಹೋಟೆಲಿನೊಳಗಿದ್ದ.

ದಾಳಿಯ ಬಳಿಕ, 2009ರಲ್ಲಿ, ಕರಾವಳಿ ಭದ್ರತೆಯ ಒಟ್ಟಾರೆ ಹೊಣೆಯನ್ನು ನೌಕಾಪಡೆಗೆ ವಹಿಸಲಾಯಿತು. 20 ಮೀಟರಿಗಿಂತ ಉದ್ದದ ಹಡಗುಗಳಿಗೆ ಗುರುತು ಸೂಚಿಸುವ ಸಾಧನ ಕಡ್ಡಾಯವಾಯಿತು. ದುರಂತವೆಂದರೆ ‘ಕುಬೇರ್’ನಂಥ ಸಣ್ಣ ದೋಣಿಗಳೇ ಈ ನಿಯಮದ ಹೊರಗುಳಿದವು. ನಮ್ಮ ಮೀನುಗಾರರ ಬಹುಪಾಲು ದೋಣಿಗಳೂ ಇದೇ ವರ್ಗದವು.

ಈ ಕೊರತೆಯ ಬೆಲೆಯನ್ನು ಮೊದಲು ತೆರುವವನು ಮೀನುಗಾರನೇ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ನೌಕಾಪಡೆ ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲಾಳದಲ್ಲಿ ಪತ್ತೆಹಚ್ಚುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಇರುವುದು ಅದೇ ಮಲ್ಪೆಯಲ್ಲಿ ಎಂಬುದು ಗಮನಾರ್ಹ.

ಸಂದೀಪ್ ಅವರ ತಂದೆ ಸೇವೆ ಸಲ್ಲಿಸಿದ್ದ ಇಸ್ರೋ ಸಂಸ್ಥೆಯೇ ಇದಕ್ಕೆ ಪರಿಹಾರವನ್ನು ರೂಪಿಸಿದೆ. ಅದು ಅಭಿವೃದ್ಧಿಪಡಿಸಿದ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ದೋಣಿಯ ನೆಲೆಯನ್ನು ತಿಳಿಸುತ್ತದೆ; ಅಪಾಯದಲ್ಲಿರುವ ಮೀನುಗಾರ ದಡಕ್ಕೆ ಸಂದೇಶ ಕಳುಹಿಸಬಹುದು. ಕರಾವಳಿ ರಾಜ್ಯಗಳ ಒಂದು ಲಕ್ಷ ದೋಣಿಗಳಿಗೆ ಇದನ್ನು ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ದೊರೆಯಿತು. ಮುಂಬೈ ದಾಳಿ ನಡೆದು ಆಗಲೇ 15 ವರ್ಷ ಮೀರಿತ್ತು.

ಉಪಕರಣ ಅಳವಡಿಸಿದ ಮಾತ್ರಕ್ಕೆ ಕಾವಲು ಪೂರ್ಣವಾಗದು. ಸಂದೇಶ ಬಂದಾಗ ದಡದಲ್ಲಿ ಹೊರಡಲು ಸಿದ್ಧವಿರುವ ಗಸ್ತು ದೋಣಿ ಬೇಕು, ಅದಕ್ಕೆ ಇಂಧನ ಬೇಕು, ತರಬೇತಾದ ಸಿಬ್ಬಂದಿ ಬೇಕು. ಮೀನುಗಾರನನ್ನು ಶಂಕಿತನೆಂದು ನೋಡದೆ ಕಡಲ ಮೊದಲ ಕಾವಲುಗಾರನೆಂದು ನಂಬಬೇಕು. ವೀರರ ಹೆಸರನ್ನು ರಸ್ತೆಗೆ ಇಡುವುದು ಸುಲಭ. ಮತ್ತೊಬ್ಬ ಸಂದೀಪ್ ಮೆಟ್ಟಿಲು ಹತ್ತಬೇಕಾದ ಸ್ಥಿತಿಯನ್ನು ತಪ್ಪಿಸುವುದೇ ಆ ಹೆಸರಿಗೆ ಸಲ್ಲುವ ನಿಜವಾದ ಗೌರವ.