ಹಾಡು ಯಾರದು, ದುಡ್ಡು ಯಾರಿಗೆ?

ಗಡಿಯಲ್ಲಿ ಶಾಂತಿ ನೆಲೆಸಲೆಂದು ಪೇಟೆಯ ಸಭಾಭವನದಲ್ಲಿ ದೊಡ್ಡದೊಂದು ಸಮೂಹಗಾಯನ ಏರ್ಪಡಿಸಬೇಕು, ಟಿಕೇಟಿನ ಹಣವನ್ನು ಬರಪೀಡಿತ ಗಡಿಹಳ್ಳಿಗಳಿಗೆ ಕೊಡಬೇಕು ಎಂಬ ಮಾತು ನಮ್ಮ ಸಾಹಿತ್ಯಕೂಟಗಳಲ್ಲಿ ಆಗಾಗ ಏಳುತ್ತದೆ. ಉದಾತ್ತವಾದ ಮಾತು. ಆದರೂ ನನ್ನದೊಂದು ತಕರಾರಿದೆ: ಹಾಡುವವರ ಸಾಲಿನಲ್ಲಿ ಆ ಹಳ್ಳಿಯವರು ಎಷ್ಟು ಮಂದಿ?

ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಸೊರಡಿಯನ್ನೇ ನೋಡಿ. ಕಾಸರಗೋಡಿನ ನಮಗೆ ಅದು ದೂರದ ಊರು, ಪರಕೀಯವಂತೂ ಅಲ್ಲ. ಚಂದ್ರಗಿರಿಯ ಉತ್ತರಭಾಗವನ್ನೂ ಜತ್ತವನ್ನೂ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರ ಮಹಾಜನ ವರದಿ ಹೇಳಿತು, ಎರಡೂ ಸೇರಲಿಲ್ಲ. ನಮ್ಮಲ್ಲಿ ಮಳೆ ಧೋ ಎಂದು ಸುರಿಯುತ್ತದೆ, ಅಲ್ಲಿ ಬಾವಿ ಬತ್ತುತ್ತದೆ, ಅಷ್ಟೇ ವ್ಯತ್ಯಾಸ. 2012ರ ಸುಮಾರಿಗೆ ಜತ್ತದ ನಲವತ್ತರಷ್ಟು ಹಳ್ಳಿಗಳು ಕರ್ನಾಟಕಕ್ಕೆ ಹೋಗುತ್ತೇವೆಂದು ಠರಾವು ಮಾಡಿದ್ದು ನೀರು ಸಿಗದ ಸಿಟ್ಟಿಗೆ.

2022ರ ಅಕ್ಟೋಬರ್ 28ರಂದು ಕರ್ನಾಟಕ ಸರ್ಕಾರ 'ಕೋಟಿ ಕಂಠ ಗಾಯನ' ನಡೆಸಿತು. ಒಂದು ತಿಂಗಳು ತುಂಬುವ ಮೊದಲೇ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಜತ್ತದ ಹಳೆಯ ಠರಾವನ್ನು ಎತ್ತಿದರು. ಒಂದು ಹಳ್ಳಿಯೂ ಹೋಗದೆಂದು ದೇವೇಂದ್ರ ಫಡಣವೀಸರು ಅಬ್ಬರಿಸಿದರು. ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿ ಟೋಲ್ ನಾಕಾದಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ. ಆ ಗಾಯನ ನಡೆದದ್ದು ಶಾಂತಿಗಾಗಿ ಅಲ್ಲ, ಒಪ್ಪುತ್ತೇನೆ. ಆದರೆ ನಮ್ಮವರು ನಮ್ಮ ಮಾತಿನಲ್ಲಿ ನಮ್ಮವರಿಗೇ ಹಾಡಿಕೊಂಡರೆ ಕೋಟಿ ಕಂಠಕ್ಕೂ ಒಂದು ಕಲ್ಲನ್ನು ತಡೆಯುವ ಶಕ್ತಿ ಬಾರದು.

ಮಲಯಾಳದ ಓದುಗರಿಗೆ ಎಂ. ಬಿ. ಶ್ರೀನಿವಾಸನ್ ಅವರನ್ನು ಪರಿಚಯಿಸಬೇಕಿಲ್ಲ. ಸಿನಿಮಾ ಸಂಗೀತದ ನಡುವೆಯೇ ಅವರು ಮದ್ರಾಸಿನಲ್ಲಿ ಯುವ ಗಾಯಕವೃಂದವೊಂದನ್ನು ಕಟ್ಟಿ, ಹಲವು ಭಾಷೆಯ ಹಾಡುಗಳನ್ನು ಒಂದೇ ಬಾಯಿಗೆ ಕಲಿಸಿದರು. ಪಕ್ಕದವನ ಭಾಷೆಯ ಉಚ್ಚಾರಕ್ಕೆ ನಾಲಗೆಯನ್ನು ಬಗ್ಗಿಸುವುದಿದೆಯಲ್ಲ, ಶಾಂತಿಯ ಅಭ್ಯಾಸ ಇರುವುದು ಅಲ್ಲಿ. ಕನ್ನಡದವರು ಮರಾಠಿ ಅಭಂಗ ಕಲಿಯಲಿ, ಮರಾಠಿಯವರು ತತ್ವಪದ ಕಲಿಯಲಿ. ಬೇಕಾದರೆ ಆಮೇಲೆ ಟಿಕೇಟು ಮಾರೋಣ.

ಇನ್ನು ದುಡ್ಡಿನ ಮಾತು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಕಛೇರಿ ನಡೆಸಿದರು. ಬಾಗಿಲಲ್ಲಿ ಬಂದ ಸುಮಾರು ಎರಡೂವರೆ ಲಕ್ಷ ಡಾಲರು ಯುನಿಸೆಫ್‌ಗೆ ಬೇಗನೆ ಸೇರಿತು. ಧ್ವನಿಮುದ್ರಿಕೆಯಿಂದ ಬಂದ ದೊಡ್ಡ ಮೊತ್ತ ಮಾತ್ರ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಹಾಡಿದವರ ಮನಸ್ಸು ಶುದ್ಧವೇ. ಕಾಗದಪತ್ರ ಮೊದಲೇ ಸರಿಯಿರಲಿಲ್ಲ. ಜಗತ್ಪ್ರಸಿದ್ಧರ ಪಾಡೇ ಹಾಗಾದರೆ ನಮ್ಮ ಸ್ವಾಗತ ಸಮಿತಿಗಳ ಗತಿಯೇನು? ಶಾಲು, ಹಾರ, ಪೆಂಡಾಲಿನ ಬಾಡಿಗೆ ಕಳೆದು ಉಳಿದದ್ದು ದಾನ!

ದಾನವೆಂದರೇನೆಂದು ಜತ್ತದವರಿಗೆ ನಾವು ಕಲಿಸಬೇಕಾಗಿಲ್ಲ. ಗುಡ್ಡಾಪುರದ ದಾನಮ್ಮ ಅದೇ ತಾಲೂಕಿನವಳು. ಎರಡೂ ರಾಜ್ಯದ ಭಕ್ತರು ಅಲ್ಲಿಗೆ ನಡೆದು ಬರುತ್ತಾರೆ. ಕೃಷ್ಣೆಯ ನೀರನ್ನು ಮೇಲೆತ್ತಿ ಹರಿಸುವ ಮ್ಹೈಸಾಳ ಯೋಜನೆಯ ಪಾಲು ಅವರ ಹಕ್ಕು. ಅದನ್ನು ನಮ್ಮ ಟಿಕೇಟಿನ ಭಿಕ್ಷೆಯಾಗಿ ಮಾಡಬೇಡಿ.

ಆದ್ದರಿಂದ ಸಂಘಟಕರಲ್ಲಿ ನನ್ನ ಬೇಡಿಕೆ: ಕಛೇರಿ ನಡೆಯುವುದಾದರೆ ಸೊರಡಿಯಂಥ ಊರಿನ ಗುಡಿಯಂಗಳದಲ್ಲೇ ನಡೆಯಲಿ, ಅಲ್ಲಿನ ಭಜನೆಯವರು ಮುಂದಿನ ಸಾಲಿನಲ್ಲಿರಲಿ. ಹಣ ಯಾವ ಕೆಲಸಕ್ಕೆಂದು ಗ್ರಾಮಸಭೆ ಮೊದಲೇ ಗೊತ್ತುಮಾಡಲಿ. ಮುಗಿದ ಎಂಟು ದಿನದೊಳಗೆ ಜಮಾಖರ್ಚನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಚಾವಡಿಯ ಗೋಡೆಗೆ ಅಂಟಿಸಿ, ಹಾರದ ಖರ್ಚನ್ನೂ ಸೇರಿಸಿ.